ಡ್ರೈವ್ ತರುವ ಮೊದಲು ಬೀರು ತೆಗೆದು ನೋಡಿ

ಹೋದ ಬೇಸಿಗೆಯಲ್ಲಿ ನಮ್ಮ ಸೋದರತ್ತೆ ರಾಯಚೂರಿನ ನಮ್ಮ ಮನೆಗೆ ಬಂದಾಗ ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಒಳಗೆ ಬಿಸ್ಕತ್ತಲ್ಲ, ಇಪ್ಪತ್ತೆಂಟು ಡಿಸ್ಕು. ಮಗಳ ಮದುವೆ, ಮೊಮ್ಮಗನ ಜವಳ, ಗೃಹಪ್ರವೇಶ, ನಡುನಡುವೆ ನಾಲ್ಕೈದು ಸಿನಿಮಾ. "ಇದರಾಗ ನಿಮ್ಮ ಮಾಮಾ ಅದಾರಪ್ಪ. ಅವರು ಮಾತಾಡಿದ್ದು ಒಮ್ಮೆ ಕೇಳಬೇಕು ಅನಸ್ತದ. ಟೀವಿಗೆ ಹಾಕಾಕ ಬರ್ತದೇನು ನೋಡು" ಅಂದರು.

ಟೀವಿಯ ಕೆಳಗಿದ್ದ ಡಿವಿಡಿ ಪ್ಲೇಯರ್ ಗುಜರಿಗೆ ಹೋಗಿ ವರ್ಷಗಳಾಗಿದ್ದವು. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಡಿಸ್ಕ್ ಓದುವ ಡ್ರೈವ್ ಒಂದು ತರಿಸಿ ಹೊರಗಿನಿಂದ ಜೋಡಿಸಿದರಾಯ್ತು ಅಂದುಕೊಂಡು ಆನ್‌ಲೈನ್‌ನಲ್ಲಿ ಸಿಕ್ಕಿದ್ದರಲ್ಲಿ ಅಗ್ಗದ್ದು, ತೆಳ್ಳಗಿದ್ದದ್ದು ತರಿಸಿದೆ. ಅದು ಡಬ್ಬಿಯಲ್ಲಿದ್ದ ಅರ್ಧದಷ್ಟು ಡಿಸ್ಕ್ ಓದಿತು. ಉಳಿದವಕ್ಕೆ ಒಂದಷ್ಟು ಹೊತ್ತು ಗುಂಯ್ ಅಂದು, ಕಿರ್ ಕಿರ್ ಅಂದು, ಸುಮ್ಮನಾಯಿತು. ಡ್ರೈವನ್ನೇ ಬೈದುಕೊಂಡೆ. ಆದರೆ ಡಬ್ಬಿಯಲ್ಲಿ ಯಾವ ಯಾವ ಜಾತಿಯ ಡಿಸ್ಕ್ ಇದೆ ಅಂತ ನೋಡದೇ ಡ್ರೈವ್ ತರಿಸಿದ್ದು ನಾನೇ ಅಲ್ವಾ?

ಈಗ ಯಾರಾದರೂ "ಯಾವ ಡ್ರೈವ್ ಒಳ್ಳೇದು" ಅಂತ ಕೇಳಿದರೆ "ನಿಮ್ಮ ಬೀರುವಿನಲ್ಲಿ ಏನೇನಿದೆ" ಅಂತ ತಿರುಗಿ ಕೇಳುತ್ತೇನೆ. ಎಲ್ಲ ಡಿಸ್ಕನ್ನೂ ಓದುವ ಡ್ರೈವ್ ಅಂತ ಒಂದಿಲ್ಲ. ದುಬಾರಿಯದು ಒಂದು ತರುವ ಬದಲು ಬೇರೆ ಬೇರೆ ಕಂಪನಿಯ ಎರಡು ಸಾಧಾರಣ ಡ್ರೈವ್ ಇಟ್ಟುಕೊಂಡರೆ ಜಾಸ್ತಿ ಡಿಸ್ಕ್ ಓದಿಸಬಹುದು. ಯಾಕೆ ಅನ್ನುವುದಕ್ಕೆ ಡಿಸ್ಕಿನ ಒಳಗೆ ಸ್ವಲ್ಪ ಇಣುಕಬೇಕು.

ಹೊರಗಿನಿಂದ ಎಲ್ಲವೂ ಒಂದೇ: 12 ಸೆಂ.ಮೀ. ಅಗಲ, 1.2 ಮಿ.ಮೀ. ದಪ್ಪ. ಒಳಗೆ ನಡುವಿನಿಂದ ಅಂಚಿನವರೆಗೆ ಸುರುಳಿಯಾಗಿ ಒಂದೇ ಗೆರೆ ಹೋಗಿರುತ್ತದೆ. ಸಿಡಿಯಲ್ಲಿ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ 1.6 ಮೈಕ್ರೊಮೀಟರ್ ಅಂತರ. ಡಿವಿಡಿಯಲ್ಲಿ 0.74, ಬ್ಲೂ-ರೇಯಲ್ಲಿ 0.32. ಹೊಲದಲ್ಲಿ ಸಾಲು ಹತ್ತಿರ ಹೊಡೆದಷ್ಟೂ ಜಾಸ್ತಿ ಬೀಜ ಹಿಡಿಯುವ ಹಾಗೆ, ಸಿಡಿಯಲ್ಲಿ 700 ಎಂಬಿ ಹಿಡಿದರೆ ಡಿವಿಡಿಯಲ್ಲಿ 4.7 ಜಿಬಿ, ಬ್ಲೂ-ರೇಯಲ್ಲಿ 25 ಜಿಬಿ. ಡಿವಿಡಿ, ಬ್ಲೂ-ರೇಗಳಲ್ಲಿ ಎರಡು ಪದರದವೂ ಉಂಟು. ಅವು 8.5 ಮತ್ತು 50 ಜಿಬಿ ಹಿಡಿಯುತ್ತವೆ.

ಸಾಲು ಸಣ್ಣದಾದಷ್ಟೂ ಓದುವ ಬೆಳಕಿನ ಮೊನೆಯೂ ಸಣ್ಣದಾಗಬೇಕು. ಸಿಡಿಗೆ 780 ನ್ಯಾನೊಮೀಟರ್‌ನ ಲೇಸರ್, ಅದು ಕಣ್ಣಿಗೆ ಕಾಣದ ಬೆಳಕು. ಡಿವಿಡಿಗೆ 650ರ ಕೆಂಪು. ಬ್ಲೂ-ರೇಗೆ 405ರ ನೇರಳೆ ನೀಲಿ. ಹಾಗಾಗಿ ಡಿವಿಡಿ ಡ್ರೈವ್‌ನಲ್ಲಿ ಎರಡು ಲೇಸರ್ ಇರುತ್ತವೆ, ಬ್ಲೂ-ರೇ ಡ್ರೈವ್‌ನಲ್ಲಿ ಮೂರು. ಹಳೆಯ ಡ್ರೈವ್ ಒಂದು ಡಿವಿಡಿಯನ್ನು ಚೆನ್ನಾಗಿ ಓದಿ, ಸಿಡಿ ಹಾಕಿದರೆ ಗೊತ್ತೇ ಇಲ್ಲದ ಹಾಗೆ ಕೂತರೆ ಗಾಬರಿ ಬೇಡ. ಒಂದು ಲೇಸರ್ ಸತ್ತು ಇನ್ನೊಂದು ಬದುಕಿರಬಹುದು, ಅಷ್ಟೇ.

ನಮ್ಮ ಕಡೆಯ ಮನೆಗಳಲ್ಲಿ ಜಾಸ್ತಿ ಸಿಗುವುದು ವಿಸಿಡಿ, ಅಂದರೆ ಸಿಡಿಯಲ್ಲೇ ವಿಡಿಯೋ ತುಂಬಿದ್ದು. 1993ರಲ್ಲಿ ಬಂದ ಪದ್ಧತಿ ಇದು. ಚಿತ್ರ 352 x 288 ಚುಕ್ಕೆಗಳಷ್ಟೇ, ಹಳೆಯ ಕ್ಯಾಸೆಟ್ಟಿನ ಮಟ್ಟದ್ದು. ಅಮೆರಿಕ, ಯುರೋಪಿನ ಕಡೆ ಇದನ್ನು ಕೇಳಿದವರು ಕಡಿಮೆ. ಚೀನಾ, ಆಗ್ನೇಯ ಏಷ್ಯಾದಲ್ಲಿ ಚೆನ್ನಾಗಿ ಓಡಿತು. ನಮ್ಮಲ್ಲೂ ಡಿವಿಡಿ ಬಂದಮೇಲೂ ವರ್ಷಗಟ್ಟಲೆ ಮದುವೆ, ಜಾತ್ರೆ, ನಾಟಕ ಎಲ್ಲ ಇದರಲ್ಲೇ ಬಂದವು. ಈಗ ಕಾಪಿ ತೆಗೆಯಲು ಅತಿ ಕಷ್ಟ ಕೊಡುವುದೂ ಇದೇ. ಅಗ್ಗದ ಡಿಸ್ಕಲ್ಲವೇ, ಸುಲಭ ಇರಬೇಕು ಅಂದುಕೊಂಡವನಿಗೆ ಮೊದಲ ಏಟು ಬಿದ್ದದ್ದು ಇಲ್ಲೇ.

ಕಾರಣ ಹೀಗಿದೆ. ಮಾಮೂಲಿ ಡೇಟಾ ಸಿಡಿಯಲ್ಲಿ ಒಂದೊಂದು ತುಂಡಿನಲ್ಲಿ 2,048 ಬೈಟ್ ಮಾಹಿತಿ ಇರುತ್ತದೆ. ಅದರ ಜೊತೆಗೆ, ಗೀರು ಬಿದ್ದು ಏನಾದರೂ ಹೋದರೆ ಲೆಕ್ಕ ಹಾಕಿ ಮತ್ತೆ ಕಟ್ಟಿಕೊಳ್ಳಲು ಬೇಕಾದ ಹೆಚ್ಚುವರಿ ಬೈಟುಗಳೂ ಇರುತ್ತವೆ. ವಿಸಿಡಿ ಮಾಡಿದವರು ಆ ಹೆಚ್ಚುವರಿ ಕಾವಲು ತೆಗೆದು ಆ ಜಾಗಕ್ಕೂ ವಿಡಿಯೋ ತುಂಬಿದರು. ಒಂದು ತುಂಡಿಗೆ 2,324 ಬೈಟ್. 700 ಎಂಬಿ ಡಿಸ್ಕಿನಲ್ಲಿ 800 ಎಂಬಿಯ ಫೈಲ್ ಕಾಣಿಸುವುದು ಇದೇ ಕಾರಣಕ್ಕೆ. ಒಂದೆರಡು ಚುಕ್ಕೆ ಹೋದರೆ ಪ್ಲೇಯರ್‌ನಲ್ಲಿ ಕ್ಷಣ ಹೊತ್ತು ಚೌಕ ಚೌಕ ಬಂದು ಹೋಗುತ್ತದೆ, ನೋಡುವವರಿಗೆ ಏನೂ ಆಗುವುದಿಲ್ಲ ಅನ್ನುವುದು ಅವರ ಲೆಕ್ಕ. ಪ್ಲೇಯರ್‌ಗೆ ಅದು ಸರಿ. ಕಂಪ್ಯೂಟರಿಗೆ ಹಾಗಲ್ಲ. ಎಂಪೆಗ್‌ಎವಿ ಅನ್ನುವ ಫೋಲ್ಡರಿನಲ್ಲಿರುವ ಡ್ಯಾಟ್ ಫೈಲನ್ನು ಎಳೆದು ಹಾಕಿಕೊಳ್ಳಲು ಹೋದರೆ, ಒಂದು ತುಂಡು ಓದಲು ಬಾರದಿದ್ದರೂ ಇಡೀ ಕಾಪಿ ನಡುವೆಯೇ ನಿಂತುಬಿಡುತ್ತದೆ.

ಹಾಗಾಗಿ ವಿಸಿಡಿಯನ್ನು ಫೈಲ್ ಫೈಲಾಗಿ ಎಳೆಯಬಾರದು. ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಕಚ್ಚಾ ರೂಪದಲ್ಲಿ ಎತ್ತಿಕೊಂಡು ಆಮೇಲೆ ವಿಡಿಯೋ ಬೇರ್ಪಡಿಸಬೇಕು. ವಿಂಡೋಸ್‌ನಲ್ಲಿ ಐಸೊಬಸ್ಟರ್ ಈ ಕೆಲಸ ಮಾಡುತ್ತದೆ. ಲಿನಕ್ಸ್‌ನಲ್ಲಿ ಸಿಡಿಆರ್‌ಡಿಎಒ, ವಿಸಿಡಿಎಕ್ಸ್‌ರಿಪ್ ಇವೆ. ಇಂಥ ಕೆಲಸಕ್ಕೆ ಬೇಕಾದ ಡ್ರೈವ್ ಅಂದರೆ ಸಿಡಿಯನ್ನು ನಿಧಾನವಾಗಿ, ತಾಳ್ಮೆಯಿಂದ ಓದುವಂಥದ್ದು. ಡಬ್ಬಿಯ ಮೇಲೆ ದೊಡ್ಡದಾಗಿ 48 ಎಕ್ಸ್ ಅಂತ ಬರೆದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. 48 ಎಕ್ಸ್ ಅಂದರೆ ಸಿಡಿಯ ಮೂಲ ವೇಗದ 48 ಪಟ್ಟು, ಆಗ ಡಿಸ್ಕ್ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಸುತ್ತು ಸುತ್ತುತ್ತದೆ. ಗಂಡುಹೆಣ್ಣಿನ ಫೋಟೋ ಅಂಟಿಸಿದ ಮದುವೆ ಡಿಸ್ಕನ್ನು ಆ ವೇಗಕ್ಕೆ ಬಿಟ್ಟರೆ ಮೇಜೇ ನಡುಗುತ್ತದೆ. ನಡುವಿನ ತೂತಿನ ಹತ್ತಿರ ಬಿರುಕು ಬಿಟ್ಟಿದ್ದರಂತೂ ಒಳಗೇ ಚೂರಾಗಬಹುದು, ಅಂಥದ್ದನ್ನು ಹಾಕಲೇಬೇಡಿ. ಸಾಫ್ಟ್‌ವೇರಿನಲ್ಲಿ ವೇಗ 4 ಅಥವಾ 8 ಎಕ್ಸ್‌ಗೆ ಇಳಿಸಿ ಓದಿಸಿ.

ಆ ಫೋಟೋ ಸ್ಟಿಕ್ಕರಿನ ಬಗ್ಗೆ ಇನ್ನೊಂದು ಮಾತು. ಸಿಡಿಯಲ್ಲಿ ಮಾಹಿತಿ ಇರುವುದು ಹೊಳೆಯುವ ಕೆಳಮುಖದ ಹತ್ತಿರ ಅಲ್ಲ, ಹೆಸರು ಬರೆಯುವ ಮೇಲ್ಮುಖದ ಕೆಳಗೆ, ತೆಳ್ಳನೆಯ ಬಣ್ಣದ ಲೇಪದ ಅಡಿಯಲ್ಲಿ. ಬಾಲ್‌ಪೆನ್ನಿನಲ್ಲಿ ಒತ್ತಿ "ಡಿಸ್ಕ್ 2, ಅಕ್ಕಿಕಾಳು" ಅಂತ ಬರೆದರೆ ಬರೆದದ್ದು ಅಕ್ಕಿಕಾಳಿನ ಮೇಲೇ! ಸ್ಟಿಕ್ಕರ್ ಕಿತ್ತರೆ ಬೆಳ್ಳಿ ಪದರವೂ ಜೊತೆಗೆ ಎದ್ದು ಬರುತ್ತದೆ. ದಯವಿಟ್ಟು ಕೀಳಬೇಡಿ. ಡಿವಿಡಿಯಲ್ಲಿ ಮಾಹಿತಿ ಎರಡು 0.6 ಮಿ.ಮೀ. ಹಾಳೆಗಳ ನಡುವೆ ಇರುವುದರಿಂದ ಇಷ್ಟು ಭಯವಿಲ್ಲ. ಆದರೆ ಕಾಗದದ ಸ್ಟಿಕ್ಕರ್ ಒಣಗಿ ಎಳೆದು ಡಿಸ್ಕನ್ನೇ ಸೊಟ್ಟ ಮಾಡಿರುತ್ತದೆ.

ಕೆಳಮುಖದ ಗೀರು ಅಷ್ಟು ಕೆಟ್ಟದ್ದಲ್ಲ. ಬೆರಳ ಗುರುತು, ಅರಿಶಿಣ, ಎಣ್ಣೆ ಇದ್ದರೆ ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯಿರಿ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಸುತ್ತಲೂ ಗರಗರ ಒರೆಸಿದರೆ ಗೀರು ಸಾಲಿನುದ್ದಕ್ಕೂ ಬೀಳುತ್ತದೆ, ಅಂಥದ್ದನ್ನು ಸರಿಮಾಡಿಕೊಳ್ಳುವುದು ಡ್ರೈವ್‌ಗೆ ಕಷ್ಟ. ನಾವೆಲ್ಲ ಮಾಡುವ ಹಾಗೆ ಅಂಗಿಯ ತುದಿಗೆ ಉಜ್ಜುವುದು ಬೇಡ. ಟೂತ್‌ಪೇಸ್ಟ್ ಹಚ್ಚುವುದೂ ಬೇಡ.

ಸ್ಟುಡಿಯೋದವರು ಬರೆದು ಕೊಟ್ಟ ಡಿವಿಡಿಯ ಕಷ್ಟವೇ ಬೇರೆ. ಅಂಗಡಿಯ ಸಿನಿಮಾ ಡಿಸ್ಕಿನಲ್ಲಿ ಗುಳಿಗಳನ್ನು ಅಚ್ಚು ಒತ್ತಿರುತ್ತಾರೆ. ಬರೆದ ಡಿಸ್ಕಿನಲ್ಲಿ ಗುಳಿ ಇಲ್ಲ, ಬಣ್ಣದ ಪದರ ಇದೆ. ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಣ್ಣ ಅಂದಮೇಲೆ ಬಿಸಿಲಿಗೂ ಸೆಖೆಗೂ ಮಾಸುತ್ತದೆ. ರಾಯಚೂರಿನ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಪಡುವಣ ಗೋಡೆಗೆ ತಾಗಿದ ಕಬ್ಬಿಣದ ಬೀರುವಿನಲ್ಲಿ ಹದಿನೈದು ಬೇಸಿಗೆ ಕಳೆದ ಡಿಸ್ಕ್ ಅದು. ಸಿನಿಮಾ ಡಿಸ್ಕ್ ಮುಂದಿನ ವರ್ಷ ಓದಿಸಿದರೂ ನಡೆಯುತ್ತದೆ, ಇನ್ನೊಂದು ಪ್ರತಿ ಎಲ್ಲೋ ಇದ್ದೇ ಇರುತ್ತದೆ. ಮದುವೆ ಡಿಸ್ಕಿಗೆ ಸರದಿಯಲ್ಲಿ ಮೊದಲ ಜಾಗ ಕೊಡಿ. ಕೆಲಸವನ್ನು ಬೆಳಗಿನ ತಂಪಿನಲ್ಲೇ ಮಾಡಿ, ಡ್ರೈವೂ ಬಿಸಿಯಾಗುತ್ತದೆ.

ಕ್ಯಾಮೆರಾದಲ್ಲೇ ನೇರ ಬರೆಯುತ್ತಿದ್ದ 8 ಸೆಂ.ಮೀ.ನ ಪುಟ್ಟ ಡಿವಿಡಿ ಇದ್ದರೆ ಎರಡು ವಿಷಯ ನೆನಪಿಡಿ. ತಟ್ಟೆ ಇಲ್ಲದೆ ಸೀಳಿನೊಳಗೆ ಎಳೆದುಕೊಳ್ಳುವ ಡ್ರೈವ್‌ಗೆ ಅದನ್ನು ತೂರಿಸಬೇಡಿ, ಒಳಗೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಶೂಟಿಂಗ್ ಮುಗಿದಮೇಲೆ ಕ್ಯಾಮೆರಾದಲ್ಲಿ 'ಫೈನಲೈಸ್' (ಬರೆದದ್ದನ್ನು ಬೇರೆ ಯಂತ್ರವೂ ಓದುವ ಹಾಗೆ ಮುಗಿಸುವ ಗುಂಡಿ) ಒತ್ತದೇ ಬಿಟ್ಟಿದ್ದರೆ ಕಂಪ್ಯೂಟರ್ ಅದನ್ನು ಖಾಲಿ ಡಿಸ್ಕ್ ಅನ್ನುತ್ತದೆ. ಎಸೆಯಬೇಡಿ. ಹಳೆಯ ಕ್ಯಾಮೆರಾ ಇದ್ದರೆ ಅದರಲ್ಲಿ ಹಾಕಿ ಫೈನಲೈಸ್ ಮಾಡಿ, ಇಲ್ಲವೇ ಐಸೊಬಸ್ಟರ್‌ನಲ್ಲಿ ನೋಡಿ.

ಇನ್ನು ಡ್ರೈವ್‌ಗೆ ಬರೋಣ. ಆಕಾರದಲ್ಲಿ ಎರಡು ಬಗೆ. ಲ್ಯಾಪ್‌ಟಾಪ್‌ನಿಂದ ಬಂದ ತೆಳ್ಳನೆಯದು, ಹಳೆಯ ಡೆಸ್ಕ್‌ಟಾಪ್‌ನಲ್ಲಿರುತ್ತಿದ್ದ ದಪ್ಪನೆಯದು. ತೆಳ್ಳನೆಯದರಲ್ಲಿ ಡಿಸ್ಕನ್ನು ನಡುವಿನ ಗುಬ್ಬಿಗೆ ನಾವೇ ಟಕ್ ಅಂತ ಒತ್ತಿ ಕೂಡಿಸಬೇಕು. ದಪ್ಪನೆಯದರಲ್ಲಿ ತಟ್ಟೆ ಒಳಗೆ ಹೋದಮೇಲೆ ಮೇಲಿನಿಂದ ಅಯಸ್ಕಾಂತದ ಬಿಲ್ಲೆ ಬಂದು ಡಿಸ್ಕನ್ನು ಹಿಡಿದುಕೊಳ್ಳುತ್ತದೆ. ಸೊಟ್ಟ ಡಿಸ್ಕ್, ಸ್ಟಿಕ್ಕರಿನ ಡಿಸ್ಕ್ ಇಂಥವನ್ನು ಸಂಭಾಳಿಸುವುದರಲ್ಲಿ ನನ್ನ ಅನುಭವದಲ್ಲಿ ದಪ್ಪನೆಯದೇ ಮೇಲು.

ವೇಗದ ಲೆಕ್ಕವೂ ಇದೆ, ಆದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಡಿವಿಡಿಯ 1 ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.4 ಎಂಬಿ. ತೆಳ್ಳನೆಯದು 8 ಎಕ್ಸ್, ದಪ್ಪನೆಯದು 16 ಎಕ್ಸ್. ಆ ವೇಗ ಸಿಗುವುದೂ ಡಿಸ್ಕಿನ ಅಂಚಿಗೆ ಬಂದಾಗ ಮಾತ್ರ. ಒಂದು ಡಿವಿಡಿಗೆ ಐದಾರು ನಿಮಿಷ ಉಳಿಯಬಹುದು. ಚಹಾ ಕುಡಿದು ಬರುವಷ್ಟು ಹೊತ್ತು. ಅದಕ್ಕಾಗಿ ದುಡ್ಡು ಸುರಿಯುವ ಅಗತ್ಯ ಇಲ್ಲ. ಸಿನಿಮಾ ಡಿವಿಡಿ ಹಾಕಿದಾಗ ಸದ್ದು ಮಾಡಬಾರದು ಅಂತ ಕೆಲವು ಡ್ರೈವ್‌ಗಳು ತಾವೇ ವೇಗ ಇಳಿಸಿಕೊಳ್ಳುತ್ತವೆ. ಡ್ರೈವ್ ಕೆಟ್ಟಿದೆ ಅಂದುಕೊಳ್ಳಬೇಡಿ.

ವೇಗಕ್ಕಿಂತ ಕರೆಂಟಿನ ಕಡೆ ನೋಡಿ. ತೆಳ್ಳನೆಯ ಡ್ರೈವ್ ಯುಎಸ್‌ಬಿ ತಂತಿಯಿಂದಲೇ ನಡೆಯುತ್ತದೆ. ಹಳೆಯ ಯುಎಸ್‌ಬಿ 2 ಕಿಂಡಿ ಕೊಡುವುದು 500 ಮಿಲಿ ಆಂಪಿಯರ್, ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿ 900. ಡಿಸ್ಕ್ ಸುತ್ತಲು ಶುರುಮಾಡುವಾಗ 500 ಸಾಲದೆ ಡ್ರೈವ್ ಟಿಕ್ ಟಿಕ್ ಅಂದು ಕಾಣೆಯಾಗುತ್ತದೆ. ನನ್ನ ಅಗ್ಗದ ಡ್ರೈವ್‌ನ ಅರ್ಧ ರೋಗ ಇದೇ ಆಗಿತ್ತು. ಒಂದು ಕಿಂಡಿಯನ್ನು ಹಲವು ಮಾಡುವ ಹಬ್ಬಿನಿಂದ ಕಿತ್ತು ಲ್ಯಾಪ್‌ಟಾಪ್‌ನ ನೀಲಿ ಕಿಂಡಿಗೆ ನೇರ ಹಾಕಿದೆ, ಓದದೇ ಇದ್ದ ಆರು ಡಿಸ್ಕ್ ಓದಿತು! ದಪ್ಪನೆಯ ಡ್ರೈವ್‌ಗೆ 12 ವೋಲ್ಟೂ ಬೇಕು. ಅದನ್ನು ಲ್ಯಾಪ್‌ಟಾಪ್‌ಗೆ ಜೋಡಿಸಬೇಕಾದರೆ ಅದರ ಹಿಂದಿನ ಸಾಟಾ ಅನ್ನುವ ಕಿಂಡಿಯಿಂದ ಯುಎಸ್‌ಬಿಗೆ ಬದಲಿಸುವ ತಂತಿ ತೆಗೆದುಕೊಳ್ಳುವಾಗ ಗೋಡೆಗೆ ಹಾಕುವ ಅಡಾಪ್ಟರ್ ಜೊತೆಗಿದೆಯೇ ನೋಡಿಕೊಳ್ಳಿ. ಇದರಲ್ಲೊಂದು ತಮಾಷೆ ಇದೆ. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ತೆಳ್ಳನೆಯದೂ ಓಡುತ್ತಿರುತ್ತದೆ, ದಪ್ಪಣ್ಣ ಮಾತ್ರ ಅಲ್ಲೇ ಮಲಗಿಬಿಡುತ್ತಾನೆ.

ಎರಡು ಡ್ರೈವ್ ಅಂದೆನಲ್ಲ, ಅವು ಹೆಸರಿನಲ್ಲಿ ಬೇರೆ ಇದ್ದರೆ ಸಾಲದು, ಒಳಗೂ ಬೇರೆ ಇರಬೇಕು. ಈ ಧಂದೆಯಲ್ಲಿ ಡಬ್ಬಿಯ ಮೇಲೆ ಒಬ್ಬರ ಹೆಸರು, ಒಳಗೆ ಇನ್ನೊಬ್ಬರ ಯಂತ್ರ. ಜೋಡಿಸಿದಮೇಲೆ ಕಂಪ್ಯೂಟರಿನ ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದರೆ ನಿಜವಾದ ಹೆಸರು ಕಾಣುತ್ತದೆ. ಎಚ್‌ಎಲ್-ಡಿಟಿ-ಎಸ್‌ಟಿ ಅಂತಿದ್ದರೆ ಹಿಟಾಚಿ-ಎಲ್‌ಜಿ. ಮತ್ಸುಶಿಟಾ ಅಂತಿದ್ದರೆ ಪ್ಯಾನಾಸೋನಿಕ್. ಟಿಎಸ್‌ಎಸ್‌ಟಿ ಅಂದರೆ ತೋಶಿಬಾ-ಸ್ಯಾಮ್‌ಸಂಗ್, ಪಿಎಲ್‌ಡಿಎಸ್ ಅಂದರೆ ಫಿಲಿಪ್ಸ್ ಮತ್ತು ಲೈಟ್-ಆನ್. ಒಂದೊಂದರ ಲೆನ್ಸು, ತಪ್ಪು ತಿದ್ದುವ ರೀತಿ ಬೇರೆ ಬೇರೆ. ಒಂದು ಎಡವಿದ ಕಡೆ ಇನ್ನೊಂದು ದಾಟುತ್ತದೆ. ಅದಕ್ಕೇ ಎರಡು ಅನ್ನುವುದು.

ಹಳೆಯ ಡ್ರೈವ್ ಬೇಡ ಅನ್ನಬೇಡಿ. ಮುಚ್ಚಿದ ಸೈಬರ್ ಕೆಫೆ, ಕಂಪ್ಯೂಟರ್ ಕ್ಲಾಸಿನ ಹಳೆಯ ಪೆಟ್ಟಿಗೆಗಳಲ್ಲಿ ದಪ್ಪನೆಯವು ಈಗಲೂ ಇವೆ. ನನ್ನ ಎರಡನೆಯದು ಗೆಳೆಯನ ಅಂಥ ಪೆಟ್ಟಿಗೆಯಿಂದಲೇ ಬಂತು. ಹಿಂದೆ ಅಗಲವಾದ, 40 ಪಿನ್ನಿನ ಕಿಂಡಿ ಇದ್ದರೆ ಅದು ಐಡಿಇ, ಅದಕ್ಕೆ ಬೇರೆ ತಂತಿ ಬೇಕು. ಚಪ್ಪಟೆಯ ಎರಡು ಸಣ್ಣ ಕಿಂಡಿ ಇದ್ದರೆ ಸಾಟಾ, ಅದನ್ನೇ ಆರಿಸಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಮನೆಯಿಂದ ಮೂರು ಡಿಸ್ಕ್ ಒಯ್ಯಿರಿ: ಒಂದು ವಿಸಿಡಿ, ಒಂದು ಸ್ಟುಡಿಯೋದವರು ಬರೆದದ್ದು, ಒಂದು ಎರಡು ಪದರದ ಸಿನಿಮಾ ಡಿವಿಡಿ. ಸಿನಿಮಾದ ದ್ವಿತೀಯಾರ್ಧ ಓಡಿಸಿ ನೋಡಿ, ಎರಡನೇ ಪದರಕ್ಕೆ ಹೋಗುವಾಗಲೇ ದಣಿದ ಡ್ರೈವ್ ಕೈಕೊಡುವುದು. ರಾಯಚೂರಿನ ತೀನ್ ಕಂದಿಲ್ ಸುತ್ತಮುತ್ತ ಸಿಗದಿದ್ದರೆ ನಮ್ಮವರು ರೈಲು ಹತ್ತಿ ಸಿಕಂದರಾಬಾದಿನ ಕಂಪ್ಯೂಟರ್ ಪೇಟೆ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗುವುದು ಹೊಸದೇನಲ್ಲ. ಹೋಗುವವರಿದ್ದರೆ ಈ ಮೂರು ಡಿಸ್ಕನ್ನೂ ಕಟ್ಟಿ ಕೊಡಿ.

ಬ್ಲೂ-ರೇ ಡ್ರೈವ್ ಬೇಕೇ? ಬೀರುವಿನಲ್ಲಿ ಬ್ಲೂ-ರೇ ಡಿಸ್ಕ್ ಇದ್ದರೆ ಮಾತ್ರ. ಮದುವೆ ವಿಡಿಯೋ ನೇರವಾಗಿ ಪೆನ್‌ಡ್ರೈವ್‌ಗೆ ಹಾರಿದ ಊರುಗಳಲ್ಲಿ ನಮ್ಮದೂ ಒಂದು, ಬ್ಲೂ-ರೇ ನಾನು ಕಂಡದ್ದು ಎರಡೇ ಮನೆಯಲ್ಲಿ. ಇದ್ದರೆ ಒಂದು ವಿಷಯ ತಿಳಿದಿರಲಿ. 66 ಮತ್ತು 100 ಜಿಬಿಯ 4ಕೆ ಡಿಸ್ಕುಗಳನ್ನು ಎಲ್ಲ ಬ್ಲೂ-ರೇ ಡ್ರೈವೂ ಕಂಪ್ಯೂಟರಿಗೆ ಕೊಡುವುದಿಲ್ಲ. ಮೇಕ್‌ಎಂಕೆವಿ ಅನ್ನುವ ಸಾಫ್ಟ್‌ವೇರಿಗೆ ಒಗ್ಗುವ ಮಾದರಿಗಳನ್ನೇ ಜನ ಹುಡುಕುತ್ತಾರೆ. ಎಲ್‌ಜಿಯ ತೆಳ್ಳನೆಯ ಬಿಯು40ಎನ್, ದಪ್ಪನೆಯ ಡಬ್ಲ್ಯುಎಚ್16ಎನ್ಎಸ್60, ಏಸಸ್‌ನ ಬಿಡಬ್ಲ್ಯು-16ಡಿ1ಎಚ್‌ಟಿ ಅಂಥವು. ಅದರಲ್ಲೂ ಒಳಗಿನ ಫರ್ಮ್‌ವೇರ್ (ಡ್ರೈವನ್ನು ನಡೆಸುವ ಸಾಫ್ಟ್‌ವೇರ್) ಯಾವ ಆವೃತ್ತಿಯದು ಅನ್ನುವುದರ ಮೇಲೆ ನಿಂತಿರುತ್ತದೆ. ಈ ಪೇಟೆ ದಿನೇದಿನೇ ಸಣ್ಣದಾಗುತ್ತಿದೆ. 2025ರಲ್ಲಿ ಸೋನಿ ಬರೆಯುವ ಬ್ಲೂ-ರೇ ಡಿಸ್ಕ್ ಮಾಡುವುದು ನಿಲ್ಲಿಸಿತು, ಪಯೋನಿಯರ್ ಡ್ರೈವ್ ವ್ಯವಹಾರವನ್ನೇ ಬಿಟ್ಟಿತು. ಬೇಕಿದ್ದವರು ತಡ ಮಾಡದಿರುವುದು ಒಳ್ಳೆಯದು.

ಸಿನಿಮಾ ಡಿಸ್ಕಿನ ಬೀಗದ ಬಗ್ಗೆಯೂ ಎರಡು ಮಾತು. ಡಿವಿಡಿಗೆ ಪ್ರದೇಶದ ಸಂಖ್ಯೆ ಇರುತ್ತದೆ. ಭಾರತಕ್ಕೆ 5, ಗಲ್ಫ್ ದೇಶಗಳಿಗೆ 2, ಅಮೆರಿಕಕ್ಕೆ 1. ದುಬೈನಿಂದ ಅಣ್ಣ ತಂದ ಡಿಸ್ಕ್ ಹಾಕಿದಾಗ ಕಂಪ್ಯೂಟರ್ "ಪ್ರದೇಶ ಬದಲಿಸಲೇ" ಅಂತ ಕೇಳಿದರೆ ಹೂಂ ಅನ್ನುವ ಮೊದಲು ಯೋಚಿಸಿ. ಐದು ಸಲ ಬದಲಿಸಬಹುದು, ಆಮೇಲೆ ಡ್ರೈವ್ ಕೊನೆಯದಕ್ಕೇ ಗಟ್ಟಿಯಾಗುತ್ತದೆ. ಇದರ ಜೊತೆಗೆ ಕಾನೂನೂ ಇದೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ದಂಡ. ಕಡ ತಂದ ಡಿಸ್ಕಿನ ಪ್ರತಿ ತೆಗೆದು ಓಣಿಗೆಲ್ಲ ಹಂಚುವುದು ಬೇಡ. ಮನೆಯ ಮದುವೆ ಡಿಸ್ಕಿಗೆ ಈ ಬೀಗ ಯಾವುದೂ ಇರುವುದಿಲ್ಲ.

ಅತ್ತೆಯ ಡಬ್ಬಿಗೆ ಮರಳೋಣ. ಗೃಹಪ್ರವೇಶದ ಡಿವಿಡಿಯಲ್ಲಿ ಮಾಮಾ ಬಾಗಿಲಲ್ಲಿ ನಿಂತು ಎಲ್ಲರನ್ನೂ ಹೆಸರು ಹಿಡಿದು ಕರೆಯುವ ದೃಶ್ಯ ಇತ್ತು ಅಂತ ಅತ್ತೆಗೆ ನೆನಪು. ಆ ಡಿಸ್ಕೇ ಹಟ ಹಿಡಿದಿತ್ತು. ಅದಕ್ಕೆ ಲಿನಕ್ಸ್‌ನಲ್ಲಿ ಸಿಗುವ ಡಿಡಿರೆಸ್ಕ್ಯೂ ಬಳಸಿದೆ. ಅದು ಸುಲಭವಾಗಿ ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಬಾರದ ಜಾಗಗಳನ್ನು ಒಂದು ಪಟ್ಟಿ ಫೈಲಿನಲ್ಲಿ ಬರೆದಿಟ್ಟು, ಆಮೇಲೆ ಅಲ್ಲಿಗಷ್ಟೇ ಮರಳಿ ಹೋಗಿ ಕೆದಕುತ್ತದೆ. ನಡುವೆ ಕರೆಂಟು ಹೋದರೂ ಬಿಟ್ಟ ಜಾಗದಿಂದಲೇ ಶುರು. ತೆಳ್ಳನೆಯ ಡ್ರೈವ್‌ನಲ್ಲಿ ಒಂದು ಬೆಳಗ್ಗೆ ಕಳೆದಮೇಲೆ ಸುಮಾರು 60 ಎಂಬಿ ಬಾಕಿ ಉಳಿಯಿತು, ಬಹುಪಾಲು ಹೊರ ಅಂಚಿನಲ್ಲಿ. ಅದೇ ಡಿಸ್ಕನ್ನು ಸೈಬರ್ ಕೆಫೆಯ ದಪ್ಪ ಡ್ರೈವ್‌ಗೆ ಹಾಕಿ, ಅದೇ ಪಟ್ಟಿ ಫೈಲ್ ಕೊಟ್ಟು ಮತ್ತೆ ಓಡಿಸಿದೆ. ಮೊದಲ ಡ್ರೈವ್ ಓದಿದ್ದನ್ನು ಅದು ಮುಟ್ಟಲೇ ಇಲ್ಲ. ಬಾಕಿ ಇದ್ದದ್ದನ್ನಷ್ಟೇ ಹುಡುಕಿ ಹುಡುಕಿ ಎತ್ತಿತು. ಕೊನೆಗೆ ಉಳಿದದ್ದು 3 ಎಂಬಿಗೂ ಕಡಿಮೆ, ಅಂದರೆ ಅಲ್ಲಲ್ಲಿ ಚದುರಿದ ಮೂರ್ನಾಲ್ಕು ಸೆಕೆಂಡು. ವಿಸಿಡಿಗೆ ಮಾತ್ರ ಈ ದಾರಿ ನಡೆಯುವುದಿಲ್ಲ, ಅದರ ತುಂಡಿನ ಅಳತೆಯೇ ಬೇರೆ ಅಂತ ಮೇಲೆ ಹೇಳಿದೆನಲ್ಲ.

ಮದುವೆಯ ಎರಡನೇ ವಿಸಿಡಿಗೆ ಯಾವ ಡ್ರೈವೂ ಕೆಲಸಕ್ಕೆ ಬರಲಿಲ್ಲ. ಹಿಂದೆ ಯಾರೋ ಸ್ಟಿಕ್ಕರ್ ಕಿತ್ತು, ಬೆಳ್ಳಿ ಪದರ ನಾಲ್ಕಾಣೆ ಅಗಲಕ್ಕೆ ಎದ್ದುಹೋಗಿತ್ತು. ಬೆಳಕಿಗೆ ಹಿಡಿದರೆ ಆಚೆ ಕಡೆಯ ಕಿಟಕಿ ಕಾಣುತ್ತಿತ್ತು. ಆಗ ಹೊಳೆಯಿತು, ಮದುವೆ ವಿಡಿಯೋ ಯಾವತ್ತೂ ಎರಡು ಸೆಟ್ ಮಾಡಿಸುತ್ತಾರೆ, ಒಂದು ಹೆಣ್ಣಿನವರಿಗೆ, ಒಂದು ಗಂಡಿನವರಿಗೆ. ಅತ್ತೆ ಸಿಂಧನೂರಿನ ಬೀಗರಿಗೆ ಫೋನ್ ಹಚ್ಚಿದರು. "ಅವ್ವಾ, ಟ್ರಂಕಿನಾಗ ಅದಾವ್ರಿ, ನುಸಿ ಗುಳಿಗಿ ಹಾಕಿ ಇಟ್ಟೀವಿ" ಅಂದರಂತೆ. ಮುಂದಿನ ವಾರ ಬಸ್ಸಿನಲ್ಲಿ ಬಂದ ಆ ಡಿಸ್ಕಿಗೆ ಗುಳಿಗೆಯ ವಾಸನೆ ಇತ್ತು, ಗೀರು ಒಂದೂ ಇರಲಿಲ್ಲ. ದಪ್ಪ ಡ್ರೈವ್‌ಗೆ ಹಾಕಿ 8 ಎಕ್ಸ್‌ನಲ್ಲಿ ಬಿಟ್ಟೆ. ಹತ್ತು ನಿಮಿಷಕ್ಕೆ ಪೂರ್ತಿ ಬಂತು.